ಆಯೇರಿ ಯಾರಿಗೆ?

ನಮ್ಮ ಐರಣಿ ತುಂಗಭದ್ರೆಯ ದಂಡೆಯ ಹಳೆಯ ಕೋಟೆಯ ಊರು; ರಾಣೇಬೆನ್ನೂರು ತಾಲ್ಲೂಕಿನದು. ಸುಗ್ಗಿ ಮುಗಿದ ಮೇಲೆ ಈ ಸೀಮೆಯಲ್ಲಿ ದೊಡ್ಡಾಟ ಆಡುವುದುಂಟು. ಅದನ್ನು ನೋಡಿದವರು ಈ ನೋಟವನ್ನೂ ಬಲ್ಲಿರಿ. ನಡುರಾತ್ರಿ ಅಟ್ಟದ ಮೇಲೆ ಕರ್ಣಾರ್ಜುನರ ಕಾಳಗ ರಂಗೇರಿರುವಾಗ ಮದ್ದಲೆ ಥಟ್ಟನೆ ನಿಲ್ಲುತ್ತದೆ. ಗೃಹಸ್ಥರೊಬ್ಬರು ಮೇಲೇರಿ ಕರ್ಣನಿಗೆ ಶಲ್ಯ ಹೊದಿಸಿ, ಎದೆಗೆ ನೋಟು ಚುಚ್ಚುತ್ತಾರೆ. ಕರ್ಣನ ಪಾತ್ರಕ್ಕೆ ಮೆಚ್ಚಿ ಇಂಥವರು ಮಾಡಿದ ಆಯೇರಿ ಎಂದು ಸಾರಿದ ಮೇಲೆಯೇ ಕಾಳಗ ಮುಂದುವರಿಯುತ್ತದೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪ್ರಶ್ನೆ ತಂದ. ಬೇರೆ ಬೇರೆ ಊರುಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಬಹುಮಂದಿ, ಒಂದೇ ಕಲ್ಪಿತ ರಾಜ್ಯದೊಳಗೆ ಒಬ್ಬ ವರ್ತಕ, ಒಬ್ಬ ಕಳ್ಳ, ಒಬ್ಬ ವೈದ್ಯನಾಗಿ ಪಾತ್ರ ವಹಿಸಿ ಆಡುವ ಆಟಗಳಿವೆ. ವೈರಿಯನ್ನು ಕೊಂದವನಿಗೆ ಯಂತ್ರವೇ ಅಂಕ ಕೊಡುತ್ತದೆ. ಪಾತ್ರಕ್ಕೆ ತಕ್ಕಂತೆ ನುಡಿದು ನಡೆದವನಿಗೆ ಕೊಡುವವರಾರು? "ಬಹುಮಾನ ಇಟ್ಟರೆ ಅದಕ್ಕಾಗೇ ಆಡ್ತಾರ್ರೀ ಸರ್, ಇಡದಿದ್ದರೆ ಪಾತ್ರದ ಗೊಡವೀನೇ ಬಿಡ್ತಾರ" ಎಂದ.

ಆಟ ಹೊಸದು, ಪ್ರಶ್ನೆ ಬಹು ಹಳೆಯದು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಸಿದ್ಧಿಯನ್ನು ಕುರಿತ ಅಧ್ಯಾಯವೇ ಒಂದುಂಟು. ಪ್ರೇಕ್ಷಕರು ನಗುವುದು, ಸಾಧು ಸಾಧು ಎನ್ನುವುದು, ಪುಲಕಗೊಂಡು ಮೇಲೇಳುವುದು, ವಸ್ತ್ರವನ್ನು ಕೊಡುವುದು, ಇವೆಲ್ಲ ಮಾನುಷೀ ಸಿದ್ಧಿ. ನಮ್ಮ ಆಯೇರಿಯ ಶಲ್ಯ ಎಷ್ಟು ಪುರಾತನವೆಂಬುದನ್ನು ಗಮನಿಸಿರಿ! ಆದರೆ ಇದಕ್ಕಿಂತ ಹಿರಿದಾದುದು ದೈವೀ ಸಿದ್ಧಿ: ರಂಗ ತುಂಬಿರುತ್ತದೆ, ಸದ್ದಿಲ್ಲ, ಗದ್ದಲವಿಲ್ಲ.

ನಟರಲ್ಲಿ ಮೇಲುಗೈಯ ವಿವಾದ ಹುಟ್ಟಿದರೆ ನಿರ್ಣಯಿಸಲು ಪ್ರಾಶ್ನಿಕರನ್ನೂ ಭರತನು ಹೇಳಿದ್ದಾನೆ. ಬಿಲ್ಲು ಹಿಡಿದ ನಿಲುವನ್ನು ಧನುರ್ಧಾರಿಯೇ ನೋಡಬೇಕು. ಅರಸನ ಗಾಂಭೀರ್ಯವನ್ನು ಅರಸ, ಛಂದಸ್ಸನ್ನು ಛಂದೋವಿದ, ಗಾನವನ್ನು ಗಾಯಕ. ಗೆದ್ದವನಿಗೆ ಪತಾಕೆ. ಪಾತ್ರದ ಬಾಳನ್ನು ಬಲ್ಲವನೇ ಪಾತ್ರದ ಬೆಲೆ ಕಟ್ಟಬೇಕೆಂಬುದು ಇದರ ತಾತ್ಪರ್ಯ.

ಗ್ರೀಸಿನ ಅಥೆನ್ಸ್ ನಗರದಲ್ಲಿಯೂ ಈ ಚಿಂತೆ ಇತ್ತು. ಅಲ್ಲಿಯ ಡಯೊನೈಸಸ್ ದೇವನ ಉತ್ಸವದಲ್ಲಿ ಮೊದಲು ಬಹುಮಾನ ನಾಟಕಕ್ಕೆ ಮಾತ್ರ, ಕ್ರಿ.ಪೂ. ೪೪೯ರ ಸುಮಾರಿಗೆ ದುರಂತನಾಟಕದ ನಟನಿಗೂ ಬೇರೆ ಬಹುಮಾನ ಬಂದಿತು. ತೀರ್ಪುಗಾರರು ಹತ್ತು ಮಂದಿ. ಅವರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಅವರ ಮತಗಳಲ್ಲಿಯೂ ಎಲ್ಲವನ್ನೂ ಎಣಿಸದೆ, ಕೆಲವನ್ನು ಮಾತ್ರ ಮತ್ತೆ ಚೀಟಿಯಿಂದ ಎತ್ತಿ ಎಣಿಸುತ್ತಿದ್ದರು. ಹಣಕ್ಕೂ ಗದ್ದಲಕ್ಕೂ ತೀರ್ಪು ಮಣಿಯದಿರಲೆಂದು ಈ ಏರ್ಪಾಟು.

ಕನ್ನಡ ನಾಡಿನಲ್ಲಿ ಪಟ್ಟದಕಲ್ಲಿಗೆ ಹೋಗಿ ನೋಡಿರಿ. ಅಚಲನೆಂಬ ನಾಟ್ಯಕೋವಿದನನ್ನು ಹೊಗಳುವ ಸಂಸ್ಕೃತ ಶಾಸನ ಅಲ್ಲಿದೆ. ಚಾಲುಕ್ಯ ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಕಟ್ಟಳೆಗಳನ್ನು ೮ನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಸ್ಥಿರಪಡಿಸಿದಳೆಂದು ಇನ್ನೊಂದು ಶಾಸನ ತಿಳಿಸುತ್ತದೆ. ಒಂದು ರಾತ್ರಿಯ ಶಲ್ಯವಲ್ಲ ಅದು. ಕಲೆ ಉಳಿಯಲೆಂದು ಕೊಟ್ಟ ಆಸರೆ.

ಕಂಪನಿ ನಾಟಕಗಳ ಕಾಲದಲ್ಲಿ ಜನರೇ ದೊರೆ. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಮೊದಲುಮಾಡಿಕೊಂಡು ಎಷ್ಟೋ ಮಂಡಳಿಗಳು ಅವರ ಮೆಚ್ಚುಗೆಯಿಂದಲೇ ಬಾಳಿದವು. ಗುಬ್ಬಿ ವೀರಣ್ಣನವರಿಗೆ ೧೯೭೨ರಲ್ಲಿ ಪದ್ಮಶ್ರೀ ಬಂದುದು ಸರಕಾರದ ಮನ್ನಣೆ. ಅದಕ್ಕೆ ಎಷ್ಟೋ ಮುಂಚೆಯೇ ಜನ ತಮ್ಮದನ್ನು ಸಲ್ಲಿಸಿದ್ದರು. ಆದರೆ ಅದೇ ಜನ "ವನ್ಸ್ ಮೋರ್" ಎಂದು ಕೂಗಿದರೆ ರಂಗದ ಮೇಲೆ ಸತ್ತವನೂ ಎದ್ದು ಹಾಡಬೇಕಾಗುತ್ತಿತ್ತು! ಹಾಡುಗಾರ ಗೆದ್ದ; ಪಾತ್ರ ಸತ್ತಿತು.

ಇತರರನ್ನೇಕೆ ದೂರಲಿ? ಹಲವು ವರ್ಷಗಳ ಹಿಂದೆ ಶಾಲೆಯಲ್ಲಿ ನಾನೊಂದು ನಾಟಕ ಆಡಿಸಿದೆ. ದುರ್ಯೋಧನನಾದ ಹುಡುಗ ಗದೆ ಬೀಸಿ ಗರ್ಜಿಸಿದ, ಸಭೆಯೆಲ್ಲ ಚಪ್ಪಾಳೆ. ಬೆಳ್ಳಿಯ ಪದಕ ಅವನಿಗೇ ಕೊಡಿಸಿದೆ. ಆದರೆ ನಡುವೆ ಅವನು ಮಾತು ಮರೆತು ನಿಂತಿದ್ದ. ಸಂಜಯನಾಗಿದ್ದ ಹುಡುಗ ಕೈಮುಗಿದು, "ಪ್ರಭು, ತಮ್ಮ ಮೌನವೇ ನನಗೆ ಅಪ್ಪಣೆ" ಎಂದು ಮುಂದಿನ ಮಾತಿಗೆ ದಾರಿ ಮಾಡಿಕೊಟ್ಟ. ಆ ಗಳಿಗೆಯಲ್ಲಿ ಸಭೆ ಉಸಿರು ಬಿಗಿಹಿಡಿದಿತ್ತು. ಆ ಮಾತು ನಾಟಕದಲ್ಲಿರಲಿಲ್ಲವೆಂದು ಬಲ್ಲ ಪ್ರಾಶ್ನಿಕ ಅಲ್ಲಿ ನಾನೊಬ್ಬನೇ. ನಾನು ಏನೂ ಹೇಳಲಿಲ್ಲ. ಮುಂದಿನ ವರ್ಷ ಆ ಹುಡುಗ ತಾಲೀಮಿಗೆ ಬರಲಿಲ್ಲ.

ಆದ್ದರಿಂದ ನನ್ನ ಶಿಷ್ಯನಿಗೆ ಹೇಳಿದ್ದಿಷ್ಟು: ಬಹುಮಾನ ಇಡು, ಆದರೆ ಆಟವನ್ನು ನಿಲ್ಲಿಸಿ ಕೊಡಬೇಡ. ಚಪ್ಪಾಳೆಯನ್ನಷ್ಟೇ ಎಣಿಸಬೇಡ; ಜೊತೆಗೆ ಆಡಿದವರನ್ನು ಕೇಳು, ಯಾರಿಂದ ನಿನ್ನ ಪಾತ್ರಕ್ಕೆ ಜೀವ ಬಂತೆಂದು. ಅಂಥವನಿಗೆ ಪದಕಕ್ಕಿಂತ ಮುಂದಿನ ಆಟದಲ್ಲಿ ಹಿರಿಯ ಪಾತ್ರ ಕೊಡು.

ಓದುಗರೇ, ತಮ್ಮ ಊರ ಜಾತ್ರೆಯಲ್ಲಿ ಈ ಸಲ ಆಟವಾದರೆ ಕರ್ಣನಿಗೆ ಅವಶ್ಯವಾಗಿ ಶಲ್ಯ ಹೊದಿಸಿರಿ. ಮಂಗಳವಾದ ಮೇಲೆ ಒಂದು ಗಳಿಗೆ ನಿಂತು, ಬಣ್ಣ ತೊಳೆಯುತ್ತಿರುವ ಅವನ ಸಾರಥಿಯನ್ನೂ ಮಾತನಾಡಿಸಿ ಬನ್ನಿರಿ.