ಗೊದ್ದ, ವಾಳವಿ ಮತ್ತು ಒಂದು ತೇಗದ ತೊಲೆ

ಗೆದ್ದಲಿಗೆ ‘ವೈಟ್ ಆಂಟ್’ ಎಂದು ಕರೆದ ಇಂಗ್ಲಿಷರ ಗೊಂದಲವನ್ನು ನಾವು ಇವತ್ತಿಗೂ ಹೊತ್ತು ತಿರುಗುತ್ತಿದ್ದೇವೆ. ಕನ್ನಡದಲ್ಲಿ ಇರುವೆ ಬೇರೆ, ಗೆದ್ದಲು ಬೇರೆ. ನಾನೀಗ ಬಾಡಿಗೆಗಿರುವ ದಿಂಡೋರಿಯಲ್ಲೂ ಅಷ್ಟೇ: ಸಣ್ಣದು ಮುಂಗಿ, ದೊಡ್ಡ ಕರಿಯದು ಮುಂಗಳಾ, ಮರ ತಿನ್ನುವುದು ವಾಳವಿ. ತಂಜಾವೂರು ಸೀಮೆಯ ಗೆದ್ದಲನ್ನು ಗಮನಿಸಿ 1779ರಲ್ಲಿ ಜರ್ಮನ್ನಿನಲ್ಲಿ ಬರೆದ ಕೊಯೆನಿಗ್ ತನ್ನ ಲೇಖನದ ತಲೆಬರಹದಲ್ಲೇ ‘ಬಿಳಿ ಇರುವೆ ಎಂದು ಕರೆಯಲ್ಪಡುವ’ ಎಂಬ ಅಡ್ಡಮಾತು ಸೇರಿಸಿದ್ದ. ಅವನಿಗೇ ಆ ಹೆಸರಿನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲವೋ ಏನೋ. ಗೆದ್ದಲು ಜಿರಲೆಯ ವಂಶಕ್ಕೇ ಸೇರಿದ್ದು ಎಂದು ಲಂಡನ್ನಿನ ಸಂಶೋಧಕರು ವಂಶವಾಹಿ ನೋಡಿ 2007ರಲ್ಲಿ ಬರೆದರು. ನಮ್ಮ ಅಜ್ಜಿಯರಿಗೆ ಜಿರಲೆಯ ಸಂಬಂಧ ಗೊತ್ತಿರಲಿಲ್ಲ ನಿಜ, ಆದರೆ ಅದು ಇರುವೆಯಲ್ಲ ಎಂಬುದಂತೂ ಗೊತ್ತಿತ್ತು.

‘ಕಾರ್ಪೆಂಟರ್ ಆಂಟ್’, ಅಂದರೆ ಬಡಗಿ ಇರುವೆ, ಎಂಬ ಹೆಸರಿಗೂ ಒಂದು ಊರಿದೆ. ಅದು ಯುರೋಪು ಮತ್ತು ಉತ್ತರ ಅಮೆರಿಕದ ತಂಪು ಕಾಡಿನ ಹೆಸರು. ಅಮೆರಿಕದ ಮರದ ಮನೆಗಳನ್ನು ಕೊರೆಯುವ ಕರಿ ಇರುವೆಯನ್ನು 1773ರಲ್ಲಿ ಸ್ವೀಡನ್ನಿನ ಡಿ ಗೀರ್ ವರ್ಣಿಸಿ, ಪೆನ್ಸಿಲ್ವೇನಿಯಾದ ಹೆಸರಿಟ್ಟ. ನಮ್ಮ ಗೊದ್ದಕ್ಕೆ 1787ರಲ್ಲಿ ಹೆಸರು ಕೊಟ್ಟವನು ಫ್ಯಾಬ್ರಿಷಿಯಸ್. ವಿಯೆನ್ನಾದ ಗುಸ್ತಾವ್ ಮೇಯರ್ 1861ರಲ್ಲಿ ಕಟ್ಟಿದ ಕಾಂಪೊನೋಟಸ್ ಎಂಬ ಕುಲದೊಳಗೆ ಈಗ ಇವೆರಡೂ ದಾಯಾದಿಗಳು. ಕುಲ ಒಂದಾದರೂ ಕಸುಬು ಒಂದಲ್ಲ. ಗೊದ್ದ ಸಾಮಾನ್ಯವಾಗಿ ನೆಲದಲ್ಲಿ, ಮರದ ಬುಡದ ಮಣ್ಣಿನಲ್ಲಿ ಗೂಡು ಮಾಡುತ್ತದೆ. ಗಿಡದ ಮೇಲಿನ ಹೇನಿನಿಂದ ಸಿಹಿ ಹೀರಿಕೊಂಡು ಬದುಕುತ್ತದೆ. ಅಡುಗೆಮನೆಗೆ ಬರುವುದು ಬೆಲ್ಲಕ್ಕೆ, ಬಾಗಿಲಿಗಲ್ಲ. ಈ ಕುಲದ ಇರುವೆ ಮರದೊಳಗೆ ಸೇರಿಕೊಂಡರೂ ಮರವನ್ನು ತಿನ್ನುವುದಿಲ್ಲ, ಇರಲು ಜಾಗ ಕೊರೆದುಕೊಳ್ಳುತ್ತದೆ. ಅದಕ್ಕೂ ಹೆಚ್ಚಾಗಿ ಬೇಕಾಗುವುದು ನೀರು ಕುಡಿದು ಮೆತ್ತಗಾದ ಮರ.

ಇದನ್ನೆಲ್ಲ ಕೂತು ಬರೆದವರಲ್ಲಿ ಮುಂಬಯಿ ಪ್ರಾಂತ್ಯದ ನೌಕರರೂ ಇದ್ದರು. ಆಗ ನಾಶಿಕವೂ ನಮ್ಮ ಉತ್ತರ ಕನ್ನಡವೂ ಅದೇ ಪ್ರಾಂತ್ಯದಲ್ಲಿದ್ದವು. ಬಾಂಬೆ ಗೆಜೆಟಿಯರಿನ ಹದಿನೈದನೇ ಸಂಪುಟ ಕೆನರಾ, ಹದಿನಾರನೆಯದು ನಾಶಿಕ. ಎರಡೂ ಅಚ್ಚಾದದ್ದು 1883ರಲ್ಲಿ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ್ದೂ ಅದೇ ವರ್ಷ. ಅದರ ಸ್ಥಾಪಕರಲ್ಲಿ ಒಬ್ಬನಾದ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್ ಉಪ್ಪು ಮತ್ತು ಸುಂಕದ ಇಲಾಖೆಯವನು. ಕಾರವಾರದ ಕಡೆ ಕೆಲಸ ಮಾಡುತ್ತಾ, ಎಲೆ ಹೊಲಿಯುವ ಕೆಂಪು ಚಗಳಿಯನ್ನು ತಾಸುಗಟ್ಟಲೆ ನೋಡುತ್ತಾ ಕೂತವನು. ಅರಣ್ಯಾಧಿಕಾರಿ ರಾಬರ್ಟ್ ರಾಟನ್ ಸೊಸೈಟಿಯ ಪತ್ರಿಕೆಯಲ್ಲಿ 1892ರಲ್ಲಿ ‘ಅವರ್ ಆಂಟ್ಸ್’ ಎಂಬ ಲೇಖನ ಬರೆದ. ಸಂಗ್ರಹಿಸಿದ ಇರುವೆಗಳನ್ನು ಸ್ವಿಟ್ಜರ್ಲೆಂಡಿನ ಫೋರೆಲ್‌ಗೆ ಕಳಿಸಿದ. 1903ರಲ್ಲಿ ಬಿಂಗ್‌ಹ್ಯಾಮ್ ಇವನ್ನೆಲ್ಲ ಒಂದು ದಪ್ಪ ಪುಸ್ತಕಕ್ಕೆ ಸೇರಿಸಿದ. ತೇಗದ ಲೆಕ್ಕ ಇಡಬೇಕಾದ ಅಧಿಕಾರಿ ಇರುವೆಯ ಲೆಕ್ಕವನ್ನೂ ಇಟ್ಟದ್ದು ನನಗೆ ಇಷ್ಟವಾಗುತ್ತದೆ.

ತೇಗದ ಮಾತು ಸುಮ್ಮನೆ ಬಂದದ್ದಲ್ಲ. ದಿಂಡೋರಿ ಎಂದರೆ ಇತಿಹಾಸ ಓದಿದವರಿಗೆ 1670ರ ವಣಿ-ದಿಂಡೋರಿ ಕಾಳಗ ನೆನಪಾಗುತ್ತದೆ, ಸೂರತ್ತಿನಿಂದ ಮರಳುತ್ತಿದ್ದ ಶಿವಾಜಿಯ ಪಡೆ ಮೊಗಲರ ದಾವೂದ್ ಖಾನನನ್ನು ಎದುರಿಸಿದ್ದು. ಈಗ ದ್ರಾಕ್ಷಿ ತೋಟಗಳ ಊರು. ಆದರೆ ಇಲ್ಲಿಂದ ಉತ್ತರಕ್ಕೆ ಸುರಗಾಣಾ ದಾಟಿದರೆ ಡಾಂಗ್ ಕಾಡು. ಅದರ ತೇಗಕ್ಕಾಗಿಯೇ 1840ರ ದಶಕದಲ್ಲಿ ಕಂಪನಿ ಸರ್ಕಾರ ಭಿಲ್ ನಾಯಕರಿಂದ ಕಾಡನ್ನು ಗುತ್ತಿಗೆಗೆ ಹಿಡಿಯಿತು. ಈ ಕಡೆಯ ಹಳೆಯ ವಾಡೆಗಳ ಕಂಬ, ತೊಲೆ, ಜಂತಿ ಎಲ್ಲ ಸಾಗವಾನಿ. ಬಲಿತ ತೇಗದ ತಿರುಳನ್ನು ಗೆದ್ದಲೂ ಸುಲಭಕ್ಕೆ ಮುಟ್ಟುವುದಿಲ್ಲ. ಸೋಲುವುದು ಗೋಡೆಯೊಳಗೆ ಹುದುಗಿದ ತುದಿ, ವರ್ಷವರ್ಷದ ಮಳೆಗೆ ನೆನೆದು.

ನಮ್ಮ ಮನೆ ಮಾಲೀಕ ಕಾಕಾರ ನಡುಮನೆಯ ತೊಲೆಗೂ ಅದೇ ಆಯಿತು. ಜುಲೈ ತಿಂಗಳಲ್ಲಿ ಅದರ ಕೆಳಗೆ ದಿನಾ ಬೆಳಿಗ್ಗೆ ಒಂದು ಮುಷ್ಟಿ ಪುಡಿ. ಹುಳ ಹೊಡೆಯುವ ಕಂಪನಿಯ ಹುಡುಗ ಫೋನಿನಲ್ಲಿ ಫೋಟೋ ತೆಗೆದು, ‘ಕಾರ್ಪೆಂಟರ್ ಆಂಟ್, ತೊಲೆ ಪೂರ್ತಿ ಹೋಗಿದೆ’ ಎಂದ. ಎರಡೇ ದಿನಕ್ಕೆ ಹಳೇ ಮರದ ವ್ಯಾಪಾರಿಯೊಬ್ಬ ಬಂದು, ಹಾಳಾದದ್ದೆಂದರೂ ಒಯ್ಯುತ್ತೇನೆ ಎಂದು ಬೆಲೆ ಹೇಳಿದ. ಹಾಳಾದ ಮರಕ್ಕೆ ಅಷ್ಟು ಬೆಲೆ ಏಕೆ ಎಂಬುದು ಕಾಕೂ ಕೇಳಿದ ಪ್ರಶ್ನೆ. ತೊಲೆ ಇಳಿಸಿದರೆ ಮಾಡು ಇಳಿಯುತ್ತದೆ, ಮಾಡು ಇಳಿದರೆ ವಾಡೆಯೇ ಹೋಯಿತು.

ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿದೆವು. ಹಿಟ್ಟಿನಂತೆ ನುಣ್ಣಗಿದ್ದು ಮರದಲ್ಲಿ ಸೂಜಿಮೊನೆಯಂಥ ತೂತುಗಳಿದ್ದರೆ ಅದು ಕುಟ್ಟೆ ಹುಳು. ಮಣ್ಣಿನ ಸುರಂಗ ಗೋಡೆ ಹತ್ತಿದ್ದರೆ, ಕೊರೆದ ಜಾಗದಲ್ಲಿ ಮಣ್ಣು ಮೆತ್ತಿದ್ದರೆ ವಾಳವಿ. ಇಲ್ಲಿ ಮಣ್ಣಿರಲಿಲ್ಲ. ನಾರುನಾರಾದ ಮರದ ಚೂರು, ನಡುವೆ ಇರುವೆಯ ಕಾಲು, ತಲೆ, ಸತ್ತ ಹುಳುಗಳ ತುಂಡು. ಮೊದಲ ಮಳೆಗೆ ದೀಪದ ಸುತ್ತ ರೆಕ್ಕೆಹುಳು ಬಂದಿದ್ದವು ಎಂದು ಕಾಕೂ ಹೇಳಿದರು. ಜೇಡರ ಬಲೆಯಲ್ಲಿ ಒಂದೆರಡು ಇನ್ನೂ ಸಿಕ್ಕಿಕೊಂಡಿದ್ದವು. ಗೆದ್ದಲಿನದಾದರೆ ನಾಲ್ಕೂ ರೆಕ್ಕೆ ಸಮ, ಸೊಂಟವೇ ಇಲ್ಲ, ಮೀಸೆ ನೇರ. ಇವಕ್ಕೆ ಮುಂದಿನ ರೆಕ್ಕೆ ಉದ್ದ, ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿತ್ತು. ರಾತ್ರಿ ಹತ್ತರ ಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಿದಾಗ ಅಂಗಳದ ಪೇರಲೆ ಗಿಡದಿಂದ ಕರೆಂಟಿನ ತಂತಿ ಹಿಡಿದು ಸಾಲು ಬರುತ್ತಿತ್ತು. ಒಂದನ್ನು ಹಿಸುಕಿದರೆ ಮೂಗಿಗೆ ಹುಳಿ ವಾಸನೆ. ಈ ಹುಳಿಯನ್ನು ಇರುವೆಗಳಿಂದ ಬಟ್ಟಿ ಇಳಿಸಿದ ಸುದ್ದಿಯನ್ನು ಜಾನ್ ರೇ ಪ್ರಕಟಿಸಿದ್ದು 1671ರಲ್ಲಿ, ದಿಂಡೋರಿ ಕಾಳಗವಾದ ಕೆಲವೇ ತಿಂಗಳಿಗೆ.

ಅಂತೂ ಕಂಪನಿಯ ಹುಡುಗ ಹೇಳಿದ ಇರುವೆ ಅದೇ ಕುಲದ್ದಿರಬಹುದು; ಆದರೆ ತೊಲೆ ಪೂರ್ತಿ ಹೋಗಿದೆ ಎಂಬುದಕ್ಕೆ ಅವನು ಸುತ್ತಿಗೆಯನ್ನೇ ಎತ್ತಿರಲಿಲ್ಲ. ವಣಿಯಿಂದ ಬಂದ ಎಪ್ಪತ್ತರ ಸುತಾರ ಎತ್ತಿದರು. ಏಣಿ ಹತ್ತಿ ಈ ತುದಿಯಿಂದ ಆ ತುದಿಗೆ ಗೇಣುಗೇಣಿಗೂ ಬಡಿಯುತ್ತಾ ಹೋದರು. ಹದಿನಾಲ್ಕು ಅಡಿಯ ತೊಲೆ ಹನ್ನೆರಡೂವರೆ ಅಡಿಯವರೆಗೂ ಠಣ್ ಎಂದಿತು. ಗೋಡೆಯ ಕಡೆಯ ಒಂದೂವರೆ ಅಡಿ ಮಾತ್ರ ಬೊದ್ದು. ಅಲ್ಲಿ ಮೇಲೆ ಒಡೆದ ಎರಡು ಹೆಂಚು, ಕೆಳಗೆ ಒದ್ದೆ. ಉಳಿಯಿಂದ ಬಿಡಿಸಿದರೆ ಒಳಗೆ ಗೂಡು, ಗೋಡೆಗಳು ಮರಳುಕಾಗದ ಉಜ್ಜಿದಷ್ಟು ನುಣುಪು. ಸುತಾರರು ಅದನ್ನು ಸ್ವಲ್ಪ ಹೊತ್ತು ನೋಡಿ, ‘ಹಾತ್ ಚಾಂಗಲಾ ಆಹೆ’ ಎಂದರು. ಕೈ ಚೆನ್ನಾಗಿದೆ.

ಹೆಂಚು ಬದಲಾಯಿತು, ಪೇರಲೆಯ ಕೊಂಬೆ ಕಡಿದದ್ದಾಯಿತು. ಕೊಳೆತ ತುದಿ ತೆಗೆದು, ಬಿದ್ದುಹೋದ ಇನ್ನೊಂದು ಮನೆಯ ತೇಗದ ತುಂಡನ್ನು ಬೆಸುಗೆ ಹಾಕಿ ಕೆಳಗೊಂದು ಕಂಬ ಕೊಟ್ಟರು. ವ್ಯಾಪಾರಿ ಮತ್ತೆ ಬಂದಾಗ ಕಾಕಾ ಅವನಿಗೆ ಚಹಾ ಕೊಟ್ಟು ಕಳಿಸಿದರು.