ಕೊರೊನಾ ರೂಪಾಂತರಿಗಳು ಮತ್ತು ಟಿ ಕೋಶಗಳ ರೋಗನಿರೋಧಕತೆ

ಕೋವಿಡ್-19 ಸೋಂಕು ತಗುಲಿದವರಲ್ಲಿ ಅಥವಾ ಲಸಿಕೆ ಪಡೆದವರಲ್ಲಿ ಪ್ರತಿಕಾಯಗಳ ಜೊತೆಗೆ ಟಿ ಕೋಶಗಳೂ ಸಜ್ಜಾಗುತ್ತವೆ. ವೈರಸ್ ಜೀವಕೋಶದೊಳಗೆ ನುಗ್ಗದಂತೆ ತಡೆಯುವುದು ಪ್ರತಿಕಾಯದ ಕೆಲಸ. ನುಗ್ಗಿದ ಮೇಲೆ ಆ ಕೋಶವನ್ನೇ ಕೊಲ್ಲುವುದು ಸಿಡಿ8 ಟಿ ಕೋಶಗಳ ಕೆಲಸ. ಉಳಿದ ರಕ್ಷಣಾ ಕೋಶಗಳಿಗೆ ನೆರವಾಗುವುದು ಸಿಡಿ4 ಟಿ ಕೋಶಗಳ ಕೆಲಸ. ವೈರಸ್ಸಿನ ಪ್ರೋಟೀನು ತುಣುಕುಗಳಾಗಿ, ಎಚ್‌ಎಲ್‌ಎ ಎಂಬ, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುವ ಅಣುಗಳ ಮೇಲೆ ಕುಳಿತು ಕೋಶದ ಹೊರಮೈಗೆ ಬಂದಾಗ ಮಾತ್ರ ಟಿ ಕೋಶ ಅದನ್ನು ಗುರುತಿಸುತ್ತದೆ. ಟಿ ಕೋಶ ವೈರಸ್ಸನ್ನು ಇಂಥ ಅಣುಗಳ ಜೊತೆಯಲ್ಲೇ ಗುರುತಿಸುತ್ತದೆ ಎಂಬುದನ್ನು ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಝಿಂಕರ್‌ನಾಗೆಲ್ 1974ರಲ್ಲಿ ತೋರಿಸಿದರು. ಅದಕ್ಕೆ 1996ರ ನೊಬೆಲ್ ಬಂತು. ಈ ತುಣುಕುಗಳು ವೈರಸ್ಸಿನ ಉದ್ದಗಲಕ್ಕೂ ಹರಡಿರುವುದರಿಂದ, ಪ್ರತಿಕಾಯಗಳು ಹಿಡಿಯುವ ಸ್ಪೈಕ್ ಪ್ರೋಟೀನಿನ ಹೊರಮೈ ಬದಲಾದ ಮಾತ್ರಕ್ಕೆ ಟಿ ಕೋಶಗಳ ನೆನಪು ಅಳಿಸಿಹೋಗುವುದಿಲ್ಲ.

2020ರ ಮೇ ತಿಂಗಳಲ್ಲಿ ಅಮೆರಿಕದ ಲಾ ಹೋಯಾ ಸಂಸ್ಥೆಯ ಅಲೆಸ್ಸಾಂಡ್ರೊ ಸೆಟ್ಟೆ, ಶೇನ್ ಕ್ರಾಟಿ ತಂಡ ಚೇತರಿಸಿಕೊಂಡ 20 ಮಂದಿಯ ರಕ್ತ ಪರೀಕ್ಷಿಸಿತು. ಎಲ್ಲರಲ್ಲೂ ಸಿಡಿ4, ಸುಮಾರು ಶೇ 70ರಷ್ಟು ಮಂದಿಯಲ್ಲಿ ಸಿಡಿ8 ಕೋಶಗಳು ಕಂಡವು. ಅಚ್ಚರಿ ಮೂಡಿಸಿದ್ದು ಬೇರೆಯದೇ ಸಂಗತಿ. ಈ ರೋಗ ಹುಟ್ಟುವುದಕ್ಕೂ ಮೊದಲು, 2015-18ರಲ್ಲಿ ತೆಗೆದಿಟ್ಟಿದ್ದ ರಕ್ತದಲ್ಲೂ ಶೇ 40ರಿಂದ 60ರಷ್ಟು ಮಂದಿಯಲ್ಲಿ ಹೊಸ ವೈರಸ್ಸಿಗೆ ಸ್ಪಂದಿಸುವ ಟಿ ಕೋಶಗಳಿದ್ದವು. ನೆಗಡಿ ತರುವ ಹಳೆಯ ಕೊರೊನಾ ವೈರಸ್‌ಗಳು ಬಿಟ್ಟುಹೋದ ನೆನಪು ಇದಕ್ಕೆ ಒಂದು ಕಾರಣವೆಂದು ಮುಂದಿನ ಅಧ್ಯಯನಗಳು ಹೇಳಿದವು.

ಈ ಹಳೆಯ ನೆನಪಿನಿಂದ ಪ್ರಯೋಜನವಿದೆಯೇ ಎಂಬಲ್ಲಿ ಅಧ್ಯಯನಗಳು ಒಂದಕ್ಕೊಂದು ಭಿನ್ನವಾಗಿವೆ. ಜರ್ಮನಿಯ ಸಂಶೋಧಕರು 2020ರಲ್ಲಿ, ಇಂಥ ಕೋಶಗಳ ಹಿಡಿತ ಸಡಿಲ, ತೀವ್ರ ರೋಗಿಗಳಲ್ಲೂ ಅವು ಕಾಣುತ್ತವೆ ಎಂದರು. ಲಂಡನ್ನಿನ ಇಂಪೀರಿಯಲ್ ಕಾಲೇಜು 2022ರ ಜನವರಿಯಲ್ಲಿ, ಸೋಂಕಿತರ ಜೊತೆ ಒಂದೇ ಮನೆಯಲ್ಲಿದ್ದ 52 ಮಂದಿಯನ್ನು ಗಮನಿಸಿ, ಸೋಂಕು ತಗುಲದೆ ಉಳಿದ 26 ಮಂದಿಯಲ್ಲಿ ಈ ಕೋಶಗಳು ಹೆಚ್ಚಿದ್ದವೆಂದಿತು. 2023ರಲ್ಲಿ ಎಚ್‌ಎಲ್‌ಎ-ಬಿ*15:01 ಎಂಬ ಬಗೆ ಇರುವವರಲ್ಲಿ ಲಕ್ಷಣರಹಿತ ಸೋಂಕು ಹೆಚ್ಚು ಎಂದು ಅಧ್ಯಯನವೊಂದು ಹೇಳಿತು. ಹಳೆಯ ನೆಗಡಿ ವೈರಸ್ಸಿನ ತುಣುಕನ್ನು ಗುರುತಿಸುವ ಟಿ ಕೋಶಗಳೇ ಇದಕ್ಕೆ ಕಾರಣವಿರಬಹುದೆಂದು ಆ ಅಧ್ಯಯನ ಸೂಚಿಸಿತು.

2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಓಮಿಕ್ರಾನನ್ನು ಕಳವಳಕಾರಿ ರೂಪಾಂತರಿ ಎಂದು ಘೋಷಿಸಿತು. ಅದರ ಸ್ಪೈಕ್ ಪ್ರೋಟೀನಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಪ್ರತಿಕಾಯಗಳ ಶಕ್ತಿ ಗಣನೀಯವಾಗಿ ಕುಸಿಯಿತು. ಕೆಲವೇ ವಾರಗಳಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದ ತಂಡ, ಲಸಿಕೆ ಪಡೆದವರಲ್ಲೂ ಹಿಂದೆ ಸೋಂಕಾದವರಲ್ಲೂ ಶೇ 70-80ರಷ್ಟು ಟಿ ಕೋಶ ಪ್ರತಿಕ್ರಿಯೆ ಉಳಿದಿದೆ ಎಂದು ತೋರಿಸಿತು. ಜನಪ್ರಿಯ ಬರಹಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಇದು ಸರಾಸರಿ. ಬಾಸ್ಟನ್ ಕಡೆಯ ಇನ್ನೊಂದು ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ಪ್ರತಿಕ್ರಿಯೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಯಾರಲ್ಲಿ ಇಳಿಯುತ್ತದೆ ಎಂಬುದಕ್ಕೆ ಅವರವರ ಎಚ್‌ಎಲ್‌ಎಯೂ ಒಂದು ಕಾರಣ. ಡೆಲ್ಟಾ ರೂಪಾಂತರಿಯಲ್ಲಿದ್ದ ಎಲ್452ಆರ್ ಎಂಬ ಒಂದೇ ಬದಲಾವಣೆ, ಜಪಾನೀಯರಲ್ಲಿ ಹೇರಳವಾಗಿರುವ ಎಚ್‌ಎಲ್‌ಎ-ಎ24ರ ಮೂಲಕ ವೈರಸ್ಸನ್ನು ಗುರುತಿಸುವ ಟಿ ಕೋಶಗಳ ಕಣ್ಣು ತಪ್ಪಿಸಬಲ್ಲುದು.

ಭಾರತದಲ್ಲಿ ಮುಖ್ಯ ದಾಖಲೆಗಳು ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆಯ ನಿಮೇಶ್ ಗುಪ್ತಾ ತಂಡದವು. ಕೋವ್ಯಾಕ್ಸಿನ್ ಪಡೆದವರಲ್ಲಿ ಟಿ ಕೋಶ ನೆನಪು ಕನಿಷ್ಠ 6 ತಿಂಗಳು ಉಳಿಯುತ್ತದೆ, ರೂಪಾಂತರಿಗಳನ್ನೂ ಗುರುತಿಸುತ್ತದೆ ಎಂದು ಈ ತಂಡ 2022ರಲ್ಲಿ ಪ್ರಕಟಿಸಿತು. ಇಡೀ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆಯಾದ್ದರಿಂದ ಕೋವ್ಯಾಕ್ಸಿನ್ ಹೆಚ್ಚು ವಿಶಾಲ ರಕ್ಷಣೆ ಕೊಡಬಹುದೆಂಬ ನಿರೀಕ್ಷೆಯಿತ್ತು. ಬೆಂಗಳೂರು ಮತ್ತು ಪುಣೆಯ 691 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಪುಷ್ಟೀಕರಿಸಲಿಲ್ಲ. ಪ್ರತಿಕ್ರಿಯೆಯ ಪ್ರಮಾಣ, ವ್ಯಾಪ್ತಿ ಎರಡರಲ್ಲೂ ಭಾರತದಲ್ಲಿ ಬಳಕೆಯಾದ ಇನ್ನೊಂದು ಲಸಿಕೆ ಕೋವಿಶೀಲ್ಡ್ ಮುಂದಿತ್ತು.

ಪ್ರಯೋಗಾಲಯದಲ್ಲಿ ಟಿ ಕೋಶ ಸ್ಪಂದಿಸಿದರೆ ಮನುಷ್ಯ ಸುರಕ್ಷಿತ ಎಂದಾಗುವುದಿಲ್ಲ. ನೇರ ಸಾಕ್ಷ್ಯಕ್ಕೆ ಹತ್ತಿರವಾದದ್ದು 2020ರ ಮಂಗಗಳ ಪ್ರಯೋಗ: ಚೇತರಿಸಿಕೊಂಡು ಪ್ರತಿಕಾಯ ಇಳಿಮುಖವಾದ ಮಂಗಗಳಲ್ಲಿ ಸಿಡಿ8 ಕೋಶಗಳನ್ನು ತೆಗೆದಾಗ ರಕ್ಷಣೆ ಭಾಗಶಃ ಕುಗ್ಗಿತು. ರಕ್ತದ ಕ್ಯಾನ್ಸರ್ ಇದ್ದ ಕೋವಿಡ್ ರೋಗಿಗಳಲ್ಲಿ ಸಿಡಿ8 ಕೋಶಗಳು ಹೆಚ್ಚಿದ್ದವರೇ ಹೆಚ್ಚು ಬದುಕುಳಿದರೆಂದು 2021ರ ಅಧ್ಯಯನವೊಂದು ಹೇಳಿತು. ಆದರೂ ಟಿ ಕೋಶಗಳ ಪರೀಕ್ಷೆಗೆ ಜೀವಂತ ಕೋಶಗಳು ಬೇಕು, ವಿಧಾನ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬೇರೆ. ಇಷ್ಟು ಇದ್ದರೆ ಸಾಕು ಎಂಬ ಸರ್ವಸಮ್ಮತ ಮಟ್ಟ ನಿಗದಿಯಾಗಿಲ್ಲ. ಲಸಿಕೆಗಳನ್ನು ಹೊಸ ರೂಪಾಂತರಿಗೆ ಹೊಂದಿಸುವಾಗ ನಿಯಂತ್ರಣ ಸಂಸ್ಥೆಗಳು ಮುಖ್ಯವಾಗಿ ನೆಚ್ಚಿದ್ದು ಪ್ರತಿಕಾಯದ ಅಳತೆಯನ್ನೇ.