ಅದಲುಬದಲಾದ ಎರಡು ಸರಳುಗಳು

1995ರ ಮೇ 30. ಜರ್ಮನಿಯ ಸ್ಪಾಂಗ್‌ಡಾಲೆಂ ವಾಯುನೆಲೆಯಿಂದ ಮೇಲೆದ್ದ ಅಮೆರಿಕದ ವಾಯುಪಡೆಯ ಎಫ್-15 ಯುದ್ಧವಿಮಾನ ಕೂಡಲೇ ನೆಲಕ್ಕಪ್ಪಳಿಸಿತು. ಪೈಲಟ್ ಉಳಿಯಲಿಲ್ಲ. ದುರಸ್ತಿ ಮಾಡಿದ ಇಬ್ಬರು ಮೆಕ್ಯಾನಿಕ್‌ಗಳು ವಿಮಾನದ ಚಲನೆಯನ್ನು ನಿಯಂತ್ರಿಸುವ ಎರಡು ಸರಳುಗಳನ್ನು ಅದಲುಬದಲು ಜೋಡಿಸಿದ್ದರೆಂದು ತನಿಖೆ ಹೇಳಿತು.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು ಇಬ್ಬರನ್ನೂ ಸೇನಾ ನ್ಯಾಯಾಲಯಕ್ಕೆ ಎಳೆದರು. 1996ರ ಅಕ್ಟೋಬರ್‌ನಲ್ಲಿ, ವಿಚಾರಣೆ ಶುರುವಾಗಬೇಕಿದ್ದ ಹೊತ್ತಿಗೆ, ಅವರಲ್ಲೊಬ್ಬ ಆತ್ಮಹತ್ಯೆ ಮಾಡಿಕೊಂಡ. ಒಂದು ತಪ್ಪಿಗೆ ಎರಡು ಜೀವ.

ಆದರೆ ಇದೇ ತಪ್ಪು ಹಿಂದೆ ಬೇರೆ ಎಫ್-15ಗಳಲ್ಲೂ ಆಗಿತ್ತು. ಹಾರುವ ಮೊದಲೇ ಕಣ್ಣಿಗೆ ಬಿದ್ದದ್ದರಿಂದ ಅನಾಹುತ ತಪ್ಪಿತ್ತು, ಅಷ್ಟೆ. ಸರಳುಗಳು ಮಾತ್ರ ತಪ್ಪು ಜಾಗದಲ್ಲೂ ಸಲೀಸಾಗಿ ಕೂರುವಂತೆಯೇ ಉಳಿದವು.

ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವ ನನಗೆ ಈ ಕೊನೆಯ ಸಂಗತಿಯೇ ಮುಖ್ಯ. ನಮ್ಮಲ್ಲೂ ಸರ್ವರ್ ಬಿದ್ದ ರಾತ್ರಿ ಮೊದಲು ಏಳುವ ಪ್ರಶ್ನೆ, "ಯಾರು ಮಾಡಿದ್ದು?" ಹೆಸರು ಸಿಕ್ಕರೆ ಎಲ್ಲರಿಗೂ ಸಮಾಧಾನ. ಮೆಕ್ಯಾನಿಕ್‌ಗಳ ತಪ್ಪು ತಪ್ಪೇ, ಅದನ್ನು ಅಲ್ಲಗಳೆಯಲಾರೆ. ಆದರೆ ಮನೆಯ ಮೂರು ಪಿನ್ನಿನ ಪ್ಲಗ್ಗನ್ನು ನಿದ್ದೆಗಣ್ಣಲ್ಲೂ ತಿರುಗಾಮುರುಗಾ ಚುಚ್ಚಲು ಬರುವುದಿಲ್ಲ. ಕೈ ತಪ್ಪುತ್ತದೆಂದು ತಿಳಿದವರು ಅದನ್ನು ಮಾಡಿದ್ದಾರೆ. ಆ ಯುದ್ಧವಿಮಾನದ ಸರಳುಗಳಿಗೆ ಅಷ್ಟು ಯೋಚನೆ ಸಲ್ಲಲಿಲ್ಲ. ಅದಕ್ಕಾಗಿ ಯಾರೂ ಕಟಕಟೆ ಹತ್ತಲಿಲ್ಲ.